ಘಟ್ಟ ಹತ್ತಿದ ಮೂಲಪುರುಷ

ನಮ್ಮ ಮನೆಯಲ್ಲಿ ವಂಶದ ಮಾತು ಬಂದಾಗಲೆಲ್ಲ ಮುತ್ತಜ್ಜನ ಹೆಸರೇ ಮೊದಲು ಉಚ್ಚರಿಸಲ್ಪಡುತ್ತಿದ್ದಿತು. ಕಾರ್ಕಳದ ಸೀಮೆಯಿಂದ ಹೊರಟು, ಮಾಳದ ಬಳಿ ಘಟ್ಟವನ್ನೇರಿ, ಕುದುರೆಮುಖದ ಮಗ್ಗುಲನ್ನು ಹಾದು, ಸಂಸೆಯ ಕಡೆಗಿಳಿದು, ಭದ್ರೆಯ ದಡದ ಕಳಸವನ್ನು ಮುಟ್ಟಿ, ಆ ರಾತ್ರಿಯನ್ನು ಕಳಸೇಶ್ವರನ ಗುಡಿಯ ಜಗಲಿಯಲ್ಲಿ ಕಳೆದು, ಮರುದಿನದಿಂದ ಕಾಡು ಕಡಿಯಲಾರಂಭಿಸಿದ ಮಹಾಸಾಹಸಿಯೆಂದು ನಮ್ಮ ತಂದೆಯವರು ಅವರನ್ನು ಬಣ್ಣಿಸುತ್ತಿದ್ದರು. ಆ ಬಣ್ಣನೆಯಲ್ಲಿ ಕತ್ತಿ, ಕೊಡಲಿ, ಹುಲಿ, ಇಂಬಳ, ಏಳು ದಿನ ಬಿಡದೆ ಸುರಿದ ಮಳೆ, ಎಲ್ಲಕ್ಕೂ ಸ್ಥಾನವಿದ್ದಿತು; ಇಷ್ಟೆಲ್ಲ ಕಷ್ಟಪಟ್ಟು ಅವರು ಏಕೆ ಬಂದರೆಂಬುದಕ್ಕೆ ಮಾತ್ರ ಸ್ಥಾನವಿರಲಿಲ್ಲ. ಅದನ್ನು ನಾನು ತಿಳಿದದ್ದು ಅಜ್ಜಿಯ ಬಾಯಿಂದ. ಹದಿನೈದರ ಪ್ರಾಯದಲ್ಲಿ ಸೊಸೆಯಾಗಿ ಬಂದು, ತನ್ನ ಅತ್ತೆಯ, ಎಂದರೆ ನಮ್ಮ ಮುತ್ತಜ್ಜಿಯ, ಜೊತೆಯಲ್ಲಿ ಅನೇಕ ವರ್ಷ ಒಂದೇ ಒಲೆಯ ಮುಂದೆ ಕುಳಿತಿದ್ದ ಅಜ್ಜಿಗೆ, ಗಂಡಸರು ಹೇಳುವ ಕಥೆಯಲ್ಲಿ ಎಲ್ಲೆಲ್ಲಿ ಏನೇನು ಬಿಟ್ಟುಹೋಗಿದೆಯೆಂಬುದು ಚೆನ್ನಾಗಿ ಗೊತ್ತಿದ್ದಿತು.

“ಅವರಿಗೆ ಹುಲಿಯ ಹೆದರಿಕೆ ಇರಲಿಲ್ಲ ಮಗಾ, ಅಳಿಯಂದಿರ ಹೆದರಿಕೆ ಇತ್ತು,” ಎಂದು ಅಜ್ಜಿ ಒಮ್ಮೆ ತುಳುವಿನಲ್ಲಿ ಹೇಳಿ, ಅಡಕೆಯ ಹೋಳನ್ನು ಬಾಯಿಗೆ ಹಾಕಿಕೊಂಡು ಸುಮ್ಮನಾದರು.

ಈ ಮಾತಿನ ಅರ್ಥವಾಗಬೇಕಾದರೆ ಘಟ್ಟದ ಕೆಳಗಿನ ಕಟ್ಟುಕಟ್ಟಳೆಯನ್ನು ಬಲ್ಲವರಾಗಿರಬೇಕು. ಭೂತಾಳ ಪಾಂಡ್ಯನ ಹೆಸರಿನೊಡನೆ ಜನರು ಹೇಳಿಕೊಂಡು ಬಂದಿರುವ ಅಳಿಯಸಂತಾನದ ಪದ್ಧತಿಯಲ್ಲಿ ಆಸ್ತಿಯು ಒಬ್ಬನದಲ್ಲ, ಕುಟುಂಬದ್ದು. ಕುಟುಂಬವೆಂದರೆ ಒಬ್ಬಳು ಮೂಲಸ್ತ್ರೀಯ ಸಂತತಿ, ಅದೂ ಹೆಣ್ಣಿನಿಂದ ಹೆಣ್ಣಿಗೆ ಇಳಿದುಬಂದದ್ದು. ಹಿರಿಯನಾದವನು ಯಜಮಾನನಾಗಿ, ಕೆಲವು ಮನೆಗಳಲ್ಲಿ ಹಿರಿಯಳಾದವಳು ಯಜಮಾನ್ತಿಯಾಗಿ, ಗದ್ದೆ ಬೆಟ್ಟು ಬಾಕಿಮಾರುಗಳನ್ನು ನೋಡಿಕೊಳ್ಳತಕ್ಕದ್ದು; ಗಂಡಸು ತನ್ನ ಜೀವಮಾನವೆಲ್ಲ ದುಡಿದು ಬೆಳೆಸಿದ್ದು ಅವನ ಕಾಲಾನಂತರ ಅವನ ಮಕ್ಕಳಿಗೆ ಸೇರದೆ ಅಕ್ಕತಂಗಿಯರ ಮಕ್ಕಳಿಗೆ ಸೇರತಕ್ಕದ್ದು. ಅವನ ಮಕ್ಕಳಿಗೆ ಅವರ ತಾಯಿಯ ಮನೆಯುಂಟು, ಅವರ ಸೋದರಮಾವನುಂಟು. ತನ್ನಷ್ಟಕ್ಕೆ ಇದು ಅನ್ಯಾಯದ ಏರ್ಪಾಡೇನೂ ಅಲ್ಲ. ಹೆಣ್ಣನ್ನು ನಿರ್ಗತಿಕಳನ್ನಾಗಿ ಮಾಡದ ಕಟ್ಟುಗಳು ನಮ್ಮ ದೇಶದಲ್ಲಿ ಅಷ್ಟೇನೂ ಹೆಚ್ಚಾಗಿಲ್ಲವೆಂಬುದನ್ನು ನೆನೆದರೆ ಅದರ ಮೇಲೆ ಗೌರವವೇ ಹುಟ್ಟುತ್ತದೆ. ಆದರೆ ಒಂದು ಗುತ್ತಿನ ಮನೆಯಲ್ಲಿ ಮೂರನೆಯ ತಮ್ಮನಾಗಿ ಹುಟ್ಟಿ, ಮಾವನು ಯಜಮಾನನಾಗಿರುವಾಗ ಇಬ್ಬರು ಅಣ್ಣಂದಿರ ಹಿಂದೆ ಸರದಿ ಕಾಯಬೇಕಾಗಿದ್ದ, ತನ್ನ ಮಕ್ಕಳ ಮೇಲೆ ಅತಿಶಯವಾದ ಮೋಹವನ್ನಿಟ್ಟುಕೊಂಡಿದ್ದ ಒಬ್ಬ ಮನುಷ್ಯನಿಗೆ ಅದು ಉಸಿರು ಕಟ್ಟಿಸಿದ್ದರೆ ಆಶ್ಚರ್ಯವಿಲ್ಲ.

ಘಟ್ಟದ ಮೇಲೆ ಬೇರೆ ಕಟ್ಟಿದ್ದಿತು. ಅಷ್ಟೇ ಅಲ್ಲ, ಬೇರೆ ಸರಕಾರವೇ ಇದ್ದಿತು. ಕಾರ್ಕಳವು ದಕ್ಷಿಣ ಕನ್ನಡ ಜಿಲ್ಲೆಯೊಡನೆ ಮದರಾಸು ಆಧಿಪತ್ಯಕ್ಕೆ ಸೇರಿದ್ದಿತು. ಕಳಸವು ಅಂದು ಕಡೂರು ಜಿಲ್ಲೆಯೆಂದು ಕರೆಯಲ್ಪಡುತ್ತಿದ್ದ ಸೀಮೆಯಲ್ಲಿ ಮೈಸೂರು ಸಂಸ್ಥಾನಕ್ಕೆ ಸೇರಿದ್ದಿತು. 1881ರಲ್ಲಿ ಚಾಮರಾಜೇಂದ್ರ ಒಡೆಯರಿಗೆ ರಾಜ್ಯಾಧಿಕಾರವು ಮರಳಿ ದೊರೆತ ಕೆಲವೇ ವರ್ಷಗಳೊಳಗೆ ಮುತ್ತಜ್ಜನ ಪಯಣವು ನಡೆದಿರಬೇಕು. ಕಾಲ್ನಡಿಗೆಯಲ್ಲಿ ದಾಟಬಹುದಾದ ಆ ಬೆಟ್ಟಸಾಲಿನ ಎರಡು ಮಗ್ಗುಲುಗಳಲ್ಲಿ ಬೇರೆ ಬೇರೆ ಕಚೇರಿಗಳು, ಬೇರೆ ಬೇರೆ ಕಂದಾಯದ ಕ್ರಮಗಳು ಇದ್ದುವು. ಇಲ್ಲೊಂದು ಚಮತ್ಕಾರವನ್ನು ಹೇಳದಿರಲಾರೆ: ಅದಕ್ಕೂ ಹಿಂದೆ ಕಳಸವನ್ನೂ ಕಾರ್ಕಳವನ್ನೂ ಒಟ್ಟಾಗಿ ಆಳಿದ ಭೈರರಸರು ಘಟ್ಟದ ಮೇಲೊಂದು ಕೆಳಗೊಂದು ರಾಜಧಾನಿಯಿಟ್ಟುಕೊಂಡಿದ್ದವರು, 1432ರಲ್ಲಿ ಕಾರ್ಕಳದ ಗೊಮ್ಮಟನನ್ನು ನಿಲ್ಲಿಸಿದವರೂ, 1586ರಲ್ಲಿ ಚತುರ್ಮುಖ ಬಸದಿಯನ್ನು ಕಟ್ಟಿಸಿದವರೂ ಆ ವಂಶದವರೇ, ಅವರಲ್ಲಿ ಪಟ್ಟವು ಮಾವನಿಂದ ಅಳಿಯನಿಗೆ ಹೋಗುತ್ತಿದ್ದಿತು. ಅಳಿಯಸಂತಾನವನ್ನು ತಪ್ಪಿಸಿಕೊಳ್ಳಲು ಅಳಿಯಸಂತಾನದ ಅರಸರ ಹಳೆಯ ರಾಜಧಾನಿಗೇ ಓಡಿಬಂದ ಮುತ್ತಜ್ಜನಿಗೆ ಈ ಸಂಗತಿಯು ತಿಳಿದಿದ್ದಿತೋ ಇಲ್ಲವೋ, ತಿಳಿದಿದ್ದರೂ ಅವರು ನಗುವ ಸ್ವಭಾವದವರಾಗಿರಲಿಲ್ಲವಂತೆ.

ಅವರು ಕಾಡು ಕಡಿದರೆಂಬುದೂ ಪೂರ್ತಿ ನಿಜವಲ್ಲ. ಈ ಸೀಮೆಯಲ್ಲಿ ಕಾಫಿಯ ತೋಟಗಳು ಅವರಿಗಿಂತ ಅರ್ಧ ಶತಮಾನದಷ್ಟು ಹಿರಿಯವು. ಬಾಬಾಬುಡನ್ ಗಿರಿಯ ಏಳು ಬೀಜಗಳ ಐತಿಹ್ಯವು ಹಾಗಿರಲಿ. ಐರೋಪ್ಯ ದೊರೆಗಳು 1820ರ ದಶಕದಿಂದಲೇ ಚಿಕ್ಕಮಗಳೂರಿನ ಬೆಟ್ಟಗಳಲ್ಲಿ ತೋಟಗಳನ್ನು ಹಾಕಿದ್ದರು. ಮೂಡಿಗೆರೆಯ ಸೀಮೆಯಲ್ಲಿ ಬಹುಕಾಲ ತೋಟ ಮಾಡಿ 1894ರಲ್ಲಿ ಅದರ ಬಗ್ಗೆ ದೊಡ್ಡ ಪುಸ್ತಕವನ್ನೇ ಬರೆದ ರಾಬರ್ಟ್ ಎಲಿಯಟ್ ದೊರೆಯ ಕಾಲದಲ್ಲಿ, 1860ರ ದಶಕದಲ್ಲಿ, ಕಾಂಡಕೊರಕದ ಹಾವಳಿಯು ಎದ್ದು, ನೆರಳಿಲ್ಲದ ಬಿಸಿಲುತೋಟಗಳು ಒಂದರ ಹಿಂದೊಂದರಂತೆ ಒಣಗಿಹೋದುವು. ಮರಗಳನ್ನೆಲ್ಲ ಕಡಿದೊಗೆದು ಕಾಫಿ ನೆಟ್ಟಿದ್ದವರು ಆಮೇಲೆ ನೆರಳಿನ ಮರಗಳ ಬೆಲೆಯನ್ನು ಕಲಿತರು. ಹಳೆಯ ‘ಚಿಕ್ಕ’ ತಳಿಯನ್ನು ಬಿಟ್ಟು ಕೊಡಗಿನ ತಳಿಯನ್ನು ತರಿಸಿದರು. ಕಲಿಯುವಷ್ಟು ಹಣವಿಲ್ಲದವರು ತೋಟಗಳನ್ನು ಪಾಳುಬಿಟ್ಟು ಹೋದರು. ನಮ್ಮ ಮುತ್ತಜ್ಜನು ಕೊಂಡದ್ದು ಹಾಗೆ ಪಾಳುಬಿದ್ದು, ಕುರುಚಲು ಬೆಳೆದು, ಲಂಟಾನದ ಪೊದೆಗಳಡಿಯಲ್ಲಿ ಕಾಫಿಯ ಬುಡಗಳು ಅಡಗಿಹೋಗಿದ್ದ ಒಂದು ತುಂಡನ್ನು, ಮತ್ತು ಅದರ ಕೆಳಗಿನ ಒಂದಿಷ್ಟು ಗದ್ದೆಯನ್ನು. ಕೊಂಡದ್ದೂ ಸಾಲದ ಹಣದಿಂದ. ಇನ್ನೊಬ್ಬರು ಸೋತು ಬಿಟ್ಟುಹೋದ ನೆಲದಲ್ಲಿ ಮತ್ತೊಬ್ಬನು ಸಾಲ ಮಾಡಿ ನಿಲ್ಲುವುದು ಕಡಮೆಯ ಧೈರ್ಯವೆಂದು ನಾನು ಹೇಳುವುದಿಲ್ಲ. ನಮ್ಮ ತಂದೆಯವರಿಗೆ ಮಾತ್ರ ಕೊಡಲಿಯ ಕಥೆಯೇ ಹೆಚ್ಚು ಪ್ರಿಯವಾಗಿದ್ದಿತು.

ಕಾಫಿಯ ಗಿಡವು ನೆಟ್ಟ ವರ್ಷ ಕೊಡುವುದಿಲ್ಲ, ಮರುವರ್ಷವೂ ಕೊಡುವುದಿಲ್ಲ. ನಾಲ್ಕನೆಯ ವರ್ಷಕ್ಕೆ ಒಂದಿಷ್ಟು ಹಣ್ಣನ್ನು ತೋರಿಸಿ ಆಸೆಯನ್ನು ಹುಟ್ಟಿಸುತ್ತದೆ. ಆವರೆಗೂ ಆಳುಗಳಿಗೆ ಅಕ್ಕಿ ಕೊಡಬೇಕು, ಕಳೆ ತೆಗೆಸಬೇಕು, ಅತ್ತಿ ಬಸರಿ ಹಲಸು ಮತ್ತಿಗಳ ಕೊಂಬೆಗಳನ್ನು ಸವರಿಸಿ ನೆರಳನ್ನು ಹದಗೊಳಿಸಬೇಕು, ಹಾಲುವಾಣದ ಗೂಟಗಳನ್ನು ನೆಟ್ಟು ಮೆಣಸಿನ ಬಳ್ಳಿಯನ್ನು ಹಬ್ಬಿಸಬೇಕು. ಇದಕ್ಕೆಲ್ಲ ಹಣವು ಬರುತ್ತಿದ್ದದ್ದು ಮಂಗಳೂರಿನ ಸಾಹುಕಾರರಿಂದ. ಬೆಳೆಯನ್ನು ತಮಗೇ ಒಪ್ಪಿಸತಕ್ಕದ್ದೆಂಬ ಕರಾರಿನ ಮೇಲೆ ಅವರು ಮುಂಗಡ ಕೊಡುತ್ತಿದ್ದರು. ಕೊಟ್ಟಿಗೆಹಾರದ ಮೂಲಕ ಚಾರ್ಮಾಡಿಯ ಘಟ್ಟವನ್ನಿಳಿದು ಎತ್ತಿನ ಗಾಡಿಗಳು ಮಂಗಳೂರನ್ನು ಸೇರಿದ ಮೇಲೆ ಅಲ್ಲಿನ ಕಾಫಿ ಸಂಸ್ಕರಣೆಯ ಕಣಗಳಲ್ಲಿ ತೂಕವಾಗಿ, ದರವು ಗೊತ್ತಾಗಿ, ಬಡ್ಡಿಯು ಕಳೆದು, ಮಿಕ್ಕದ್ದಿದ್ದರೆ ಅದನ್ನು ಉಪ್ಪು, ಒಣಮೀನು, ಬಟ್ಟೆ, ಕಬ್ಬಿಣದ ಸಾಮಾನಿನ ರೂಪದಲ್ಲಿ ಮರಳುವ ಗಾಡಿಗಳು ಹೊತ್ತು ತರುತ್ತಿದ್ದುವು. ಮಾರ್ಚಿ ಏಪ್ರಿಲಿನಲ್ಲಿ ಹೂಮಳೆಯು ಬಾರದ ವರ್ಷ ಹಿಂದಿನ ಸಾಲದ ಮೇಲೆ ಹೊಸ ಸಾಲ. ಮಳೆಗಾಲವು ನೂರು ಇಂಚನ್ನು ದಾಟಿ ಕೊಳೆರೋಗವು ಎದ್ದ ವರ್ಷವೂ ಹಾಗೆಯೇ. ಕೆಳಗಿನ ಯಜಮಾನನ ಕೈಯಿಂದ ಬಿಡಿಸಿಕೊಂಡು ಬಂದ ಮನುಷ್ಯನು ಸಾಹುಕಾರನ ಕೈಗೆ ಸಿಕ್ಕಿದನೆಂದು ಹೇಳಬಹುದು. ಆದರೆ ಈ ಎರಡನೆಯ ಯಜಮಾನನು ಸಾಲ ತೀರಿದ ದಿನ ಕೈಬಿಡುವವನು ಎಂಬ ನಂಬಿಕೆಯಿಂದ ಅವರು ನಾಲ್ವತ್ತು ವರ್ಷ ಬಾಳಿದರು. ಸಾಲವು ತೀರದೆಯೇ ತೀರಿಕೊಂಡರು.

ಜ್ವರದ ಮಾತನ್ನು ಅಜ್ಜಿ ಹೆಚ್ಚು ಹೇಳುತ್ತಿರಲಿಲ್ಲ. ಸೊಳ್ಳೆಯೇ ಮಲೆರೋಗದ ವಾಹಕವೆಂಬುದನ್ನು ರೊನಾಲ್ಡ್ ರಾಸ್ 1897ರಲ್ಲಿ ಕಂಡುಹಿಡಿಯುವುದಕ್ಕೆ ಮೊದಲೇ ಮುತ್ತಜ್ಜಿಯ ಎರಡು ಕೂಸುಗಳು ನಡುಗಿ ನಡುಗಿ ಹೋಗಿದ್ದುವು. ಕ್ವಿನೈನ್ ಪೊಟ್ಟಣಗಳು ಬರುವ ಕಾಲಕ್ಕೆ ಉಳಿದ ಮಕ್ಕಳು ದೊಡ್ಡವರಾಗಿದ್ದರು.

ಆ ನೆಲದಲ್ಲಿ ಜನರೇ ಇರಲಿಲ್ಲವೆಂಬಂತೆ ನಮ್ಮ ಮನೆಯ ಕಥೆಯು ಸಾಗುತ್ತದೆ. ಕುದುರೆಮುಖದ ತಪ್ಪಲಿನ ಕಾಡುಗಳಲ್ಲಿ ಮಲೆಕುಡಿಯರು ತಲತಲಾಂತರದಿಂದ ಇದ್ದವರು. ಜೇನು, ಏಲಕ್ಕಿ, ಕಾಡಿನ ಕಾಲುದಾರಿಗಳು, ಯಾವ ಹಳ್ಳವು ಯಾವ ತಿಂಗಳಿನಲ್ಲಿ ದಾಟಲು ಬರುತ್ತದೆಂಬ ಜ್ಞಾನ, ಇವೆಲ್ಲ ಅವರ ಸ್ವತ್ತು. ಮುತ್ತಜ್ಜನ ಮೊದಲ ಗುಡಿಸಲನ್ನು ಕಟ್ಟಿಕೊಟ್ಟವರೂ, ಮೊದಲ ಮಳೆಗಾಲದಲ್ಲಿ ಯಾವ ಸೊಪ್ಪನ್ನು ತಿನ್ನಬಹುದೆಂದು ಮುತ್ತಜ್ಜಿಗೆ ತೋರಿಸಿದವರೂ ಅವರೇ ಎಂದು ಅಜ್ಜಿಯಿಂದ ಕೇಳಿದ್ದೇನೆ. ತೋಟವನ್ನು ನಿಜವಾಗಿ ಮಾಡಿದವರಾದರೋ ಕೆಳಗಿನಿಂದ ಮೇಸ್ತ್ರಿಯ ಹಿಂದೆ ಬಂದ ಆಳುಗಳು. ಗದ್ದೆಯ ಕೊಯಿಲು ಮುಗಿದ ಮೇಲೆ ಮುಂಗಡ ಪಡೆದು ಘಟ್ಟ ಹತ್ತಿ, ಹಣ್ಣು ಕೊಯ್ದು, ಗುಂಡಿ ತೋಡಿ, ಮಳೆಗೆ ಮುನ್ನ ಇಳಿದುಹೋಗುತ್ತಿದ್ದವರು. ಇಳಿಯದೆ ಲೈನಿನ ಮನೆಗಳಲ್ಲೇ ಉಳಿದು ಜ್ವರಕ್ಕೆ ತುತ್ತಾದವರು. ಮುಂಗಡ ಪಡೆದು ಕೆಲಸ ಬಿಟ್ಟ ಕೂಲಿಯನ್ನು ಶಿಕ್ಷಿಸಲು ಬ್ರಿಟಿಷರ 1859ರ ಕಾಯಿದೆಯಿದ್ದಿತು. ಮುಂಗಡ ಕೊಟ್ಟ ಸಾಹುಕಾರನಿಗೆ ಸಿಕ್ಕಿಬಿದ್ದ ಮುತ್ತಜ್ಜನೇ ಮುಂಗಡ ಕೊಟ್ಟು ಇತರರನ್ನು ಸಿಕ್ಕಿಸಿಕೊಂಡಿದ್ದರು. ಅವರ ಲೆಕ್ಕದ ಪುಸ್ತಕವೊಂದು ನಮ್ಮಲ್ಲಿ ಉಳಿದಿದೆ. ಅದರಲ್ಲಿ ಸಾಹುಕಾರನ ಹೆಸರಿನ ಮುಂದೆ ಪೂರ್ಣ ಮರ್ಯಾದೆಯಿದೆ. ಆಳುಗಳ ಹೆಸರುಗಳು ಅರ್ಧರ್ಧ.

ಮುತ್ತಜ್ಜನೊಡನೆ ಅವರ ದೈವವೂ ಘಟ್ಟ ಹತ್ತಿತು. ಕೆಳಗಿನ ಗುತ್ತಿನಲ್ಲಿ ಪಂಜುರ್ಲಿಗೆ ವರ್ಷಂಪ್ರತಿ ನೇಮವಾಗುತ್ತಿದ್ದು, ಅದಕ್ಕೆ ತಪ್ಪದೆ ಇಳಿದುಹೋಗುತ್ತಿದ್ದ ಮುತ್ತಜ್ಜನು, ಅಣ್ಣಂದಿರೊಡನೆ ಮಾತು ಕೆಟ್ಟ ಮೇಲೆ ತೋಟದ ಮೂಲೆಯಲ್ಲಿ ಒಂದು ಕಲ್ಲನ್ನು ನಿಲ್ಲಿಸಿ ಅಲ್ಲಿಯೇ ದೀಪ ಹಚ್ಚತೊಡಗಿದರು. ದೈವವು ಇದಕ್ಕೆ ಒಪ್ಪಿತೇ ಎಂದು ಕೇಳಿದರೆ, “ಅದಕ್ಕೇನು, ಅದೂ ಕಾಡಿನದ್ದೇ,” ಎಂಬುದು ಅಜ್ಜಿಯ ಉತ್ತರ.

ಇಪ್ಪತ್ತನೆಯ ಶತಮಾನದ ಆದಿಯಲ್ಲಿ, ಎರಡು ಒಳ್ಳೆಯ ಬೆಳೆಗಳು ಒಟ್ಟಿಗೆ ಬಂದಾಗ, ಹುಲ್ಲಿನ ಮಾಡು ಹೋಗಿ ಹಂಚಿನ ಮಾಡು ಬಂದಿತು. ಆ ಹಂಚುಗಳ ಬೆನ್ನಿನ ಮೇಲೆ ಮಂಗಳೂರಿನ ಬಾಸೆಲ್ ಮಿಶನ್ನಿನ ಮುದ್ರೆಯಿದೆ. ಬಾಲ್ಯದಲ್ಲಿ ಅಟ್ಟಕ್ಕೆ ಹತ್ತಿ ಆ ಅಕ್ಷರಗಳನ್ನು ಕೂಡಿಸಿ ಓದಲು ಯತ್ನಿಸುತ್ತಿದ್ದ ನನಗೆ, ಪ್ಲೆಬ್ಸ್ಟ್ ಎಂಬ ಜರ್ಮನನು 1865ರಲ್ಲಿ ನೇತ್ರಾವತಿಯ ಮಣ್ಣಿನಿಂದ ಈ ಹಂಚುಗಳನ್ನು ಮಾಡುವ ಕಾರ್ಖಾನೆಯನ್ನು ಆರಂಭಿಸಿದನೆಂಬುದೂ, ಆ ಮಿಶನ್ನಿನಿಂದ ಬಂದವರಲ್ಲಿ ಅನೇಕರು ವೂರ್ಟೆಂಬರ್ಗಿನ ಸೀಮೆಯವರೆಂಬುದೂ ಎಷ್ಟೋ ವರ್ಷಗಳ ತರುವಾಯ ಓದಿ ತಿಳಿಯಿತು. 1843ರಲ್ಲಿ ‘ಮಂಗಳೂರು ಸಮಾಚಾರ’ವನ್ನು ಹೊರಡಿಸಿ, ಮುಂದೆ ಕೊಡಗಿನಲ್ಲಿ ಆನಂದಪುರವೆಂಬ ವಸತಿಯನ್ನು ಸ್ಥಾಪಿಸಿದ ಮೋಗ್ಲಿಂಗನೂ ಅಲ್ಲಿಯವನೇ. ಆ ಸೀಮೆಯಲ್ಲಿ ತಂದೆಯ ಹೊಲವು ಎಲ್ಲ ಮಕ್ಕಳಿಗೂ ಸಮಪಾಲಾಗುತ್ತಿದ್ದಿತಂತೆ. ತಲೆಮಾರಿಗೊಮ್ಮೆ ಹೊಲಗಳು ಸೀಳಿ, ಕಡೆಗೆ ಸಂಸಾರಕ್ಕೆ ಸಾಲದಷ್ಟು ಕಿರಿದಾಗುತ್ತಿದ್ದುವು. ಜರ್ಮನಿಯ ಉತ್ತರಭಾಗದ ಅನೇಕ ಕಡೆಗಳಲ್ಲಿ ಇದಕ್ಕೆ ವಿರುದ್ಧವಾಗಿ, ಒಬ್ಬನೇ ಮಗನು ಹೊಲವನ್ನೆಲ್ಲ ಪಡೆದು ಮಿಕ್ಕವರು ಬರಿಗೈಯಾಗುತ್ತಿದ್ದರು. ಎರಡು ಕಟ್ಟುಗಳೂ ಜನರನ್ನು ಹಡಗು ಹತ್ತಿಸಿದುವು. ನಮ್ಮ ಮುತ್ತಜ್ಜನು ಘಟ್ಟ ಹತ್ತಿದ ಅದೇ 1880ರ ದಶಕದಲ್ಲಿ 14 ಲಕ್ಷಕ್ಕೂ ಮಿಕ್ಕ ಜರ್ಮನರು ಅಮೆರಿಕೆಯನ್ನು ಸೇರಿದರು. ಅಲ್ಲಿ 1862ರ ಶಾಸನದಂತೆ 160 ಎಕರೆ ನೆಲವನ್ನು ಹಿಡಿದು ಐದು ವರ್ಷ ನೆಲಸಿ ಸಾಗುವಳಿ ಮಾಡಿದವನಿಗೆ ಅದು ಸ್ವಂತವಾಗುತ್ತಿದ್ದಿತು. ಆ ನೆಲದಲ್ಲಿ ಮೊದಲೇ ಇದ್ದ ಮೂಲನಿವಾಸಿಗಳ ಮಾತನ್ನು ಅಲ್ಲಿನ ಮನೆತನದ ಕಥೆಗಳೂ ಬಹುಶಃ ನಮ್ಮಂತೆಯೇ ನುಂಗಿಕೊಂಡಿರಬೇಕು. ನೆಬ್ರಾಸ್ಕದ ಬಯಲಿನಲ್ಲಿ ಹುಲ್ಲುಮಣ್ಣಿನ ಹೆಂಟೆಗಳನ್ನು ಪೇರಿಸಿ ಮನೆ ಕಟ್ಟಿಕೊಂಡ ಆ ರೈತನನ್ನು ನೆನೆದಾಗ ಅವನು ನನಗೆ ಅಪರಿಚಿತನೆಂದು ತೋರುವುದಿಲ್ಲ. ಅವನನ್ನು ಹೊರಡಿಸಿದ್ದೂ ಪಾಲಿನ ಪ್ರಶ್ನೆಯೇ. ವ್ಯತ್ಯಾಸವೊಂದುಂಟು: ಅವನು ತನ್ನ ತಂದೆಯ ಪಾಲು ಸಾಲದೆ ಹೋದವನು, ನಮ್ಮವರು ತಾವೇ ತಂದೆಯಾಗಬೇಕೆಂದು ಬಂದವರು.

ಅದಕ್ಕಾಗಿಯೇ ಅವರು ಬದುಕಿರುವಾಗಲೇ ದಾನಪತ್ರವನ್ನು ಬರೆಸಿದರು. ಅಳಿಯಸಂತಾನದವನು ತನ್ನ ಸ್ವಯಾರ್ಜಿತವನ್ನು ಹಾಗೆಯೇ ಬಿಟ್ಟು ತೀರಿಕೊಂಡರೆ ಅದು ಕುಟುಂಬಕ್ಕೆ ಸೇರುವುದೆಂಬುದನ್ನೂ, ಕಣ್ಣೆದುರಿಗೇ ಕೊಟ್ಟುಬಿಟ್ಟರೆ ತಡೆಯುವುದು ಕಷ್ಟವೆಂಬುದನ್ನೂ ಅವರು ಬಲ್ಲವರಾಗಿದ್ದರು. ಇಬ್ಬರು ಗಂಡುಮಕ್ಕಳ ಹೆಸರಿಗೆ ತೋಟ, ಗದ್ದೆ, ಮನೆ, ಮತ್ತು ಸಾಲ. ಸುದ್ದಿಯು ಕೆಳಗೆ ಮುಟ್ಟಿ, ಅಳಿಯಂದಿರು ವಕೀಲನೊಬ್ಬನ ಬಳಿಗೆ ಹೋದಾಗ, ಮೈಸೂರು ಸಂಸ್ಥಾನದ ನೆಲದ ಮೇಲೆ ಮಂಗಳೂರಿನ ನ್ಯಾಯಾಲಯಕ್ಕೆ ಅಧಿಕಾರವಿಲ್ಲವೆಂದೂ, ಘಟ್ಟ ಹತ್ತಿ ಅಲ್ಲಿಯ ಕಚೇರಿಯಲ್ಲಿ ವ್ಯಾಜ್ಯ ಹೂಡಬೇಕೆಂದೂ ಅವನು ತಿಳಿಸಿದನಂತೆ. ಯಾರೂ ಹತ್ತಲಿಲ್ಲ. ಸಾಲದ ಮೊತ್ತವನ್ನು ಕೇಳಿಯೇ ಅವರು ಹಿಂಜರಿದರೆಂಬುದು ಅಜ್ಜಿಯ ಅಭಿಪ್ರಾಯ. ನನಗೂ ಅದೇ ಸರಿಯೆಂದು ತೋರುತ್ತದೆ.

ಹೀಗೆ ಮುತ್ತಜ್ಜನು ನಮ್ಮ ಮೂಲಪುರುಷನಾದರು. ಕೆಳಗಿನ ಲೆಕ್ಕದಲ್ಲಿ ಅವರು ನನಗೆ ಏನೂ ಆಗಬೇಕಾಗಿಲ್ಲ: ಅವರ ಬಳಿ, ಎಂದರೆ ತಾಯಿಯ ಕಡೆಯಿಂದ ಬರುವ ಗೋತ್ರ, ಬೇರೆ, ನಮ್ಮ ಅಜ್ಜನ ಬಳಿ ಮುತ್ತಜ್ಜಿಯದು, ತಂದೆಯವರ ಬಳಿ ಅಜ್ಜಿಯದು, ನನ್ನದು ತಾಯಿಯದು. ಮದುವೆಯ ಮಾತುಕತೆಗೆ ಕುಳಿತಾಗ ಇಂದಿಗೂ ನಾವು ತಾಯಿಯ ಬಳಿಯನ್ನೇ ಹೇಳುತ್ತೇವೆ. ಗೋಡೆಯ ಮೇಲಿನ ಚಿತ್ರಪಟಕ್ಕೆ ಹೂ ಮುಡಿಸುವಾಗ ಮಾತ್ರ ಘಟ್ಟದ ಮೇಲಿನವರಂತೆ ತಂದೆಯ, ಅಜ್ಜನ, ಮುತ್ತಜ್ಜನ ಸಾಲನ್ನು ಹಿಡಿಯುತ್ತೇವೆ.

ಈ ವಿನಿಮಯದಲ್ಲಿ ನಷ್ಟಪಟ್ಟವರು ಮುತ್ತಜ್ಜಿ. ಅವರ ತವರಿನ ಮನೆಯಲ್ಲಿ ಅವರಿಗೆ ಕೋಣೆಯಿದ್ದಿತು, ಪಾಲಿಗೆ ಅಕ್ಕಿಯಿದ್ದಿತು, ಮಾತಿಗೆ ಬೆಲೆಯಿದ್ದಿತು. ಹಿರಿಯಳಾಗುವಷ್ಟು ಕಾಲ ಬದುಕಿದ್ದರೆ ಯಜಮಾನ್ತಿಯೂ ಆಗಬಹುದಾಗಿತ್ತು. ಅದನ್ನು ಯಾರೂ ಕಿತ್ತುಕೊಳ್ಳಲಿಲ್ಲ. ಹಕ್ಕು ಅಲ್ಲಿಯೇ ಇದ್ದಿತು, ನಡುವೆ ಘಟ್ಟವಿದ್ದಿತು. ವರ್ಷಕ್ಕೊಮ್ಮೆ ಇಳಿಯುವುದು ಎರಡು ವರ್ಷಕ್ಕೊಮ್ಮೆಯಾಗಿ, ಹೆರಿಗೆಗಳ ನಡುವೆ ಅದೂ ತಪ್ಪಿ, ಗಂಡನ ದಾನಪತ್ರದಲ್ಲಿ ತಮ್ಮ ಹೆಸರಾಗಲಿ ಮಗಳ ಹೆಸರಾಗಲಿ ಇಲ್ಲವೆಂಬುದನ್ನು ಕೇಳಿದ ದಿನ ಅವರು ಹೇಳಿದ ಮಾತನ್ನು ಅಜ್ಜಿ ನನಗೆ ಹೇಳಿದರು: “ಕೆಳಗೆ ನಾನು ಮನೆಯವಳು. ಇಲ್ಲಿ ಇವರ ಹೆಂಡತಿ.” ಮುತ್ತಜ್ಜನು ಏನೆಂದರೆಂದು ಕೇಳಿದೆ. “ಏನೆನ್ನುತ್ತಾರೆ? ಕಣಕ್ಕೆ ಹೋದರು.” ಮಗಳಿಗೆ ತಾಯಿಯ ಮನೆಯ ಪಾಲಿದೆ, ಇಲ್ಲಿ ಮತ್ತೇಕೆ ಎಂಬುದು ಅವರ ತರ್ಕವಾಗಿದ್ದಿರಬೇಕು. ಯಾವ ಕಟ್ಟಿನಿಂದ ತಾವು ಓಡಿಬಂದರೋ ಅದನ್ನು ಮಗಳ ವಿಷಯದಲ್ಲಿ ಮಾತ್ರ ಅವರು ಕೈಬಿಡಲಿಲ್ಲ.

ಅಜ್ಜನ ಕಾಲದ ಕಥೆಯನ್ನು ಬೇಗ ಮುಗಿಸುತ್ತೇನೆ. 1930ರ ದಶಕದಲ್ಲಿ ಲೋಕದ ಮಾರುಕಟ್ಟೆಯೆಲ್ಲ ಕುಸಿದು, ಬ್ರೆಜಿಲ್ ದೇಶದವರು ಕಾಫಿಯನ್ನು ಸುಡುತ್ತಿದ್ದಾರೆಂಬ ಸುದ್ದಿಯು ಬಂದಾಗ ಕಳಸದ ಬೆಳೆಗಾರರು ಅದನ್ನು ನಂಬದೆ ಒಬ್ಬರ ಮುಖವನ್ನೊಬ್ಬರು ನೋಡಿದರಂತೆ. ಯುದ್ಧವು ಬಂದು ಯೂರೋಪಿನ ಬಂದರುಗಳು ಮುಚ್ಚಿಹೋದ ಮೇಲೆ, 1940ರ ಸುಗ್ರೀವಾಜ್ಞೆ ಮತ್ತು 1942ರ ಕಾಯಿದೆಗಳ ಮೂಲಕ ಕಾಫಿಯನ್ನೆಲ್ಲ ಒಂದೇ ಕೊಠಾರಕ್ಕೆ ಒಪ್ಪಿಸುವ ಪೂಲ್ ಪದ್ಧತಿಯು ಜಾರಿಗೆ ಬಂದಿತು. ಅನೇಕರು ಅದನ್ನು ಬೈದರು; ನಮ್ಮ ಅಜ್ಜನು ಬೈಯಲಿಲ್ಲ. ಬೆಳೆಯನ್ನು ಕಾಫಿ ಮಂಡಳಿಗೆ ಒಪ್ಪಿಸಬೇಕಾದ್ದರಿಂದ ಸಾಹುಕಾರನ ಕರಾರು ತಾನಾಗಿಯೇ ಸಡಿಲಿ, ಕಂತು ಕಂತಾಗಿ ಬಂದ ಹಣದಿಂದ ಅರ್ಧ ಶತಮಾನಕ್ಕೂ ಮಿಕ್ಕ ಸಾಲವು ತೀರಿತು. ತೋಟವು ನಮ್ಮದಾದದ್ದು ನಿಜವಾಗಿ ಆಗ.

1949ರಲ್ಲಿ ಮದರಾಸಿನ ಸರಕಾರವು ಅಳಿಯಸಂತಾನದ ಕಾಯಿದೆಯನ್ನು ಮಾಡಿ, ಅವಿಭಕ್ತವಾಗಿಯೇ ಇರತಕ್ಕದ್ದೆಂದಿದ್ದ ಕುಟುಂಬಗಳು ಪಾಲು ಮಾಡಿಕೊಳ್ಳುವುದಕ್ಕೆ ಅವಕಾಶವಿತ್ತಿತು. ಕೆಲವು ವರ್ಷಗಳಲ್ಲಿ ಮುತ್ತಜ್ಜಿಯ ತವರಿನ ಕುಟುಂಬವೂ ಪಾಲಾಯಿತು. ಕೆಳಗಿನಿಂದ ಬಂದ ಕಾಗದವು ಅಜ್ಜನ ಹೆಸರಿಗಲ್ಲದೆ ಅವರ ತಂಗಿಯ, ಎಂದರೆ ನಮ್ಮ ಸಣ್ಣಜ್ಜಿಯ, ಹೆಸರಿಗೂ ಇದ್ದಿತು. ಅಜ್ಜನು ತಮಗೆ ಬರಬಹುದಾದ ಹಕ್ಕು ತಮ್ಮ ಮಕ್ಕಳಿಗೆ ದಾಟುವಂತಿರಲಿಲ್ಲವಾದ್ದರಿಂದ ಎಲ್ಲವನ್ನೂ ತಂಗಿಗೇ ಬಿಟ್ಟರು. ಬಾಳೆಹೊನ್ನೂರಿನ ಕಡೆಗೆ ಮದುವೆಯಾಗಿ ಹೋಗಿ, ಗಂಡ ತೀರಿದ ಮೇಲೆ ಅಣ್ಣನ ಮನೆಯ ಹಿಂಭಾಗದ ಕೋಣೆಯಲ್ಲಿ ಇದ್ದ ಸಣ್ಣಜ್ಜಿ, ಬೆಟ್ಟದ ಬುಡದ ಆ ಊರನ್ನು ಅದುವರೆಗೆ ಕಂಡವರೇ ಅಲ್ಲ. ಬಸ್ಸು ಹತ್ತಿ ಇಳಿದುಹೋಗಿ, ತಮ್ಮ ಪಾಲಿಗೆ ಬಂದ ಗದ್ದೆಯ ಬದುವಿನ ಮೇಲೆ ಒಂದು ಸುತ್ತು ನಡೆದು, ಅದನ್ನು ಅಲ್ಲಿಯ ನೆಂಟರಿಗೇ ಮಾರಿ, ಹಣವನ್ನು ಸೀರೆಯ ಸೆರಗಿನಲ್ಲಿ ಗಂಟು ಹಾಕಿಕೊಂಡು ಮರಳಿದರು. ಮುಂದಿನ ವರ್ಷವೇ ನಮ್ಮ ತೋಟದ ಹಳ್ಳದಾಚೆಗಿದ್ದ ತುಂಡೊಂದನ್ನು ತಮ್ಮ ಹೆಸರಿನಲ್ಲಿ ಕೊಂಡು, ಆಗತಾನೆ ಬೆಳೆಗಾರರು ಮೆಚ್ಚತೊಡಗಿದ್ದ ಎಸ್. 795 ತಳಿಯ ಗಿಡಗಳನ್ನು ನೆಡಿಸಿದರು. ನಮ್ಮ ಮನೆತನದಲ್ಲಿ ಸಾಲವಿಲ್ಲದೆ ಕೊಂಡ ನೆಲವೆಂದರೆ ಅದೊಂದೇ. ಅವರು ಅದನ್ನು ಹೆಣ್ಣುಮಕ್ಕಳಿಬ್ಬರಿಗೆ ಬರೆದಿಟ್ಟರು. ಈಗ ಆ ಹೆಣ್ಣುಮಕ್ಕಳ ಹೆಣ್ಣುಮಕ್ಕಳು ಅದನ್ನು ನೋಡಿಕೊಳ್ಳುತ್ತಿದ್ದಾರೆ, ನಮಗಿಂತ ಚೆನ್ನಾಗಿಯೇ. ಬೇಸಗೆಯಲ್ಲಿ ಹಳ್ಳದ ನೀರನ್ನು ಯಾರು ಮೊದಲು ಎತ್ತಬೇಕೆಂಬ ವಿಷಯದಲ್ಲಿ ಅವರಿಗೂ ನಮಗೂ ಮಾತುಕತೆ ಇನ್ನೂ ನಡೆಯುತ್ತಲೇ ಇದೆ.